ಚರ್ಮದ ಕ್ಯಾನ್ಸರಿಗೆ ರೇಡಿಯೇಶನ್: ಒಪ್ಪಿಕೊಳ್ಳುವ ಮುಂಚೆ ಕೇಳಬೇಕಾದ್ದು, ಶುರುವಾದ ಮೇಲೆ ಮಾಡಬೇಕಾದ್ದು

ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ, ಅದರ ರಿಪೋರ್ಟ್ ಬಂದಿದೆ. ಡಾಕ್ಟರು "ಆಪರೇಷನ್ ಮಾಡಬಹುದು, ಬೇಡ ಅಂದ್ರೆ ರೇಡಿಯೇಶನ್ ಕೊಡಬಹುದು, ಮನೆಯವರ ಜೊತೆ ಮಾತಾಡಿಕೊಂಡು ಬನ್ನಿ" ಅಂತ ಹೇಳಿ ಕಳಿಸಿದ್ದಾರೆ. ಮನೆಯಲ್ಲಿ ಮಾತಾಡೋದು ಅಂದರೇನು? ಒಬ್ಬರು ಕತ್ತರಿಸೋದು ಬೇಡ ಅಂತಾರೆ, ಇನ್ನೊಬ್ಬರು ಕರೆಂಟ್ ಇಟ್ಟರೆ ಮೈಯೆಲ್ಲ ಸುಟ್ಟು ಹೋಗುತ್ತೆ ಅಂತಾರೆ, ಮೂರನೆಯವರು ಯಾವುದೋ ಊರಿನ ನಾಟಿ ಔಷಧಿಯ ಫೋನ್ ನಂಬರ್ ಕಳಿಸುತ್ತಾರೆ. ನಮ್ಮ ಚಿಕ್ಕಪ್ಪನಿಗೆ ಮೂಗಿನ ಪಕ್ಕ ಗಂಟು ಬಂದಾಗ ನಮ್ಮನೆಯಲ್ಲೂ ಇದೇ ಆಯಿತು. ಆಗ ಓದಿದ್ದು, ಡಾಕ್ಟರನ್ನು ಕೇಳಿ ತಿಳಿದಿದ್ದು, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೋಡಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ ಅನ್ನೋದಷ್ಟೇ ಇದರ ಉದ್ದೇಶ.

ಮೊದಲು ರಿಪೋರ್ಟ್ ಓದಿ

ಬಯಾಪ್ಸಿ ಇಲ್ಲದೆ ಯಾರಾದರೂ ರೇಡಿಯೇಶನ್ ಶುರು ಮಾಡೋಣ ಅಂದರೆ ಎದ್ದು ಬನ್ನಿ. ಕಣ್ಣಲ್ಲಿ ನೋಡಿ ಹೇಳಿದ್ದು ಸಾಲದು. ಚರ್ಮದ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ ಅಲ್ಲ, ಯಾವುದು ಅನ್ನೋದರ ಮೇಲೆ ಮುಂದಿನ ದಾರಿ ಪೂರ್ತಿ ಬದಲಾಗುತ್ತದೆ.

ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಹೆಸರು ಇರುತ್ತದೆ. ಬೇಸಲ್ ಸೆಲ್ ಕಾರ್ಸಿನೋಮಾ ನಿಧಾನದ್ದು, ಹೆಚ್ಚಾಗಿ ಮುಖದ ಮೇಲೆ ಬರುತ್ತದೆ, ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ. ಆದರೆ ಬಿಟ್ಟರೆ ಇದ್ದ ಜಾಗದಲ್ಲೇ ಮೂಗು, ಕಣ್ಣಿನ ರೆಪ್ಪೆ ಎಲ್ಲ ತಿಂದು ಹಾಕುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಇದು ಕಪ್ಪಾಗಿ, ಮಚ್ಚೆಯ ಹಾಗೆ ಕಾಣುವುದೇ ಜಾಸ್ತಿ, ಅದಕ್ಕೇ ವರ್ಷಗಟ್ಟಲೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಸ್ವಲ್ಪ ಜೋರಿನದು. ವಾಸಿಯಾಗದ ಹುಣ್ಣು, ಹೂಕೋಸಿನಂತೆ ಬೆಳೆದ ಗಂಟು, ಹಳೇ ಸುಟ್ಟ ಗಾಯದ ಕಲೆ ಇವುಗಳಲ್ಲಿ ಕಾಣಿಸಿಕೊಳ್ಳುತ್ತದೆ, ಹತ್ತಿರದ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಬಹುದು. ಮೂರನೆಯದು ಮೆಲನೋಮಾ. ನಮ್ಮವರಲ್ಲಿ ಇದು ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದು ಹೆಚ್ಚು. ಮರ್ಕೆಲ್ ಸೆಲ್ ಅಂತ ಇನ್ನೊಂದು ಅಪರೂಪದ್ದಿದೆ, ಬೇಗ ಹರಡುವಂಥದ್ದು, ಆದರೆ ರೇಡಿಯೇಶನ್‌ಗೆ ಚೆನ್ನಾಗಿ ಬಗ್ಗುತ್ತದೆ.

ಹೆಸರಿನ ಕೆಳಗಿರುವ ಸಣ್ಣ ಅಕ್ಷರವನ್ನೂ ಬಿಡಬೇಡಿ. ಗೆಡ್ಡೆ ಎಷ್ಟು ಆಳ ಇಳಿದಿದೆ, ಅಂಚು ಅಂದರೆ ಮಾರ್ಜಿನ್‌ನಲ್ಲಿ ಕ್ಯಾನ್ಸರ್ ಕಣ ಉಳಿದಿದೆಯಾ, ನರದ ಗುಂಟ ಹರಿದಿದೆಯಾ ಅಂತ ಬರೆದಿರುತ್ತಾರೆ. ಆಪರೇಷನ್ ಆದ ಮೇಲೂ ರೇಡಿಯೇಶನ್ ಬೇಕಾ ಅನ್ನೋದು ಈ ಸಾಲುಗಳ ಮೇಲೇ ನಿಂತಿರುತ್ತದೆ. ಅರ್ಥವಾಗದಿದ್ದರೆ ಬೆರಳಿಟ್ಟು ತೋರಿಸಿ "ಇದೇನು ಡಾಕ್ಟ್ರೇ" ಅಂತ ಕೇಳಿ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಮುಂದಿನ ಪೇಷಂಟನ್ನು ಕರೆಯುತ್ತಾರೆ.

ಆಪರೇಷನ್ನಾ, ರೇಡಿಯೇಶನ್ನಾ?

ನೇರವಾಗಿ ಹೇಳುತ್ತೇನೆ. ಬೇಸಲ್ ಸೆಲ್ ಆಗಲಿ ಸ್ಕ್ವಾಮಸ್ ಸೆಲ್ ಆಗಲಿ, ಸುಲಭವಾಗಿ ಕತ್ತರಿಸಿ ತೆಗೆದು ಹೊಲಿಯಬಹುದಾದ ಜಾಗದಲ್ಲಿದ್ದು, ಆಪರೇಷನ್ ತಡೆಯುವ ದೇಹ ಇದ್ದರೆ ಆಪರೇಷನ್ನೇ ಮೊದಲ ಆಯ್ಕೆ. ಚಾಕು ಬೇಡ ಅನ್ನುವ ಭಯಕ್ಕೆ ಮಾತ್ರ ರೇಡಿಯೇಶನ್ ಕಡೆ ಓಡಬೇಡಿ.

ಇದಕ್ಕೊಂದು ಆಧಾರವಿದೆ. ಫ್ರಾನ್ಸಿನಲ್ಲಿ ಮುಖದ ಮೇಲೆ 4 ಸೆಂ.ಮೀ.ಗಿಂತ ಚಿಕ್ಕ ಬೇಸಲ್ ಸೆಲ್ ಕ್ಯಾನ್ಸರ್ ಇದ್ದ 347 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ರೇಡಿಯೇಶನ್ ಕೊಟ್ಟು ನೋಡಿದರು. 1997ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 4 ವರ್ಷದಲ್ಲಿ ಆಪರೇಷನ್ ಕಡೆ ಕಾಯಿಲೆ ಉಳಿದದ್ದು ಅಥವಾ ಮರುಕಳಿಸಿದ್ದು ಶೇ. 0.7, ರೇಡಿಯೇಶನ್ ಕಡೆ ಶೇ. 7.5. ನೋಡಲು ಚೆನ್ನಾಗಿ ಕಂಡದ್ದೂ ಆಪರೇಷನ್ ಆದವರ ಮುಖವೇ. ಕಲೆ ಬೀಳಬಾರದು ಅಂತ ರೇಡಿಯೇಶನ್ ಆರಿಸುವವರಿಗೆ ಇದು ಗೊತ್ತಿರುವುದಿಲ್ಲ. ರೇಡಿಯೇಶನ್ ಮುಗಿದಾಗ ಚರ್ಮ ಚೆನ್ನಾಗೇ ಕಾಣುತ್ತದೆ, ಆದರೆ ವರ್ಷಗಳು ಕಳೆದಂತೆ ಅಲ್ಲಿ ಬಿಳಿಚಿಕೊಂಡು, ತೆಳುವಾಗಿ, ಸಣ್ಣ ಕೆಂಪು ರಕ್ತನಾಳದ ಗೆರೆಗಳು ಎದ್ದು ಕಾಣಬಹುದು. ಹೊಲಿಗೆಯ ಕಲೆ ಕಾಲ ಕಳೆದಂತೆ ಮಾಸುತ್ತದೆ, ಇದು ಉಲ್ಟಾ.

ಹಾಗಂತ ಆ ಶೇ. 7.5 ಅನ್ನು ತಿರುಗಿಸಿ ನೋಡಿ. ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಜನರಿಗೆ ಕತ್ತಿ ಮುಟ್ಟಿಸದೆ ವಾಸಿಯಾಗಿದೆ. 80 ದಾಟಿದ, ಹಾರ್ಟ್ ವೀಕ್ ಇರುವ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವ ಅಜ್ಜನಿಗೆ ಇದು ಸಣ್ಣ ಮಾತಲ್ಲ.

ರೇಡಿಯೇಶನ್ ನಿಜವಾಗಿ ಮೇಲುಗೈ ಆಗುವುದು ಇಂಥ ಕಡೆ. ಕಣ್ಣಿನ ರೆಪ್ಪೆ, ಮೂಗಿನ ತುದಿ, ತುಟಿ, ಕಿವಿ ಇಲ್ಲೆಲ್ಲ ಕತ್ತರಿಸಿದರೆ ಅಂಗದ ಆಕಾರವೋ ಕೆಲಸವೋ ಹೋಗುವ ಹಾಗಿದ್ದಾಗ. ವಯಸ್ಸು, ಬೇರೆ ಕಾಯಿಲೆ, ಅರಿವಳಿಕೆಯ ತೊಂದರೆ ಇದ್ದಾಗ. ಗೆಡ್ಡೆ ತೆಗೆಯಲಾಗದಷ್ಟು ಹಬ್ಬಿದ್ದಾಗ. ಆಪರೇಷನ್ ಆದ ಮೇಲೆ ಮಾರ್ಜಿನ್‌ನಲ್ಲಿ ಕಣ ಉಳಿದು ಮತ್ತೆ ಕತ್ತರಿಸಲು ಆಗದಿದ್ದಾಗ, ನರದ ಗುಂಟ ಹರಿದಿದ್ದಾಗ, ಕುತ್ತಿಗೆ ಅಥವಾ ಕಂಕುಳಿನ ಗ್ರಂಥಿಗೆ ಇಳಿದು ಗ್ರಂಥಿಯ ಗೋಡೆ ದಾಟಿದ್ದಾಗ. ಈ ಕೊನೆಯ ಗುಂಪಿನವರು "ಆಪರೇಷನ್ ಆಯ್ತಲ್ಲ, ಇನ್ಯಾಕೆ" ಅಂತ ಮನೆಗೆ ಹೋಗಿಬಿಡುವುದೇ ಹೆಚ್ಚು. ಅವರೇ ತಪ್ಪಿಸಬಾರದವರು. ಗಾಯ ಆರಿದ ಮೇಲೆ ಜಾಸ್ತಿ ತಡ ಮಾಡದೆ ಶುರು ಮಾಡಬೇಕು.

ಇನ್ನೊಂದು ಸಂದರ್ಭವಿದೆ, ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಗುಣವಾಗುವ ಹಂತ ದಾಟಿದೆ, ಹುಣ್ಣಿನಿಂದ ರಕ್ತ ಜಿನುಗುತ್ತಿದೆ, ವಾಸನೆಗೆ ಮನೆಯವರೇ ಹತ್ತಿರ ಕೂರುತ್ತಿಲ್ಲ, ನೋವು ಬೇರೆ. ಆಗಲೂ ಕೆಲವೇ ದಿನದ ರೇಡಿಯೇಶನ್, ಕೆಲವೊಮ್ಮೆ ಒಂದೇ ಒಂದು ಡೋಸ್, ರಕ್ತ ನಿಲ್ಲಿಸಿ ನೋವು ಕಡಿಮೆ ಮಾಡುತ್ತದೆ. "ಇನ್ನೇನೂ ಮಾಡೋಕಾಗಲ್ಲ" ಅಂತ ಯಾರಾದರೂ ಹೇಳಿದರೆ ಇದನ್ನು ನೀವೇ ಕೇಳಿ.

ಬೇಡ ಅನ್ನಬೇಕಾದ ಕಡೆಯೂ ಇದೆ. ವಯಸ್ಸು ಚಿಕ್ಕದಿದ್ದರೆ, ಸಾಮಾನ್ಯವಾಗಿ 60ರ ಒಳಗಿದ್ದರೆ, ಬೇರೆ ದಾರಿ ಇರುವಾಗ ಡಾಕ್ಟರುಗಳು ಹಿಂಜರಿಯುತ್ತಾರೆ, ಯಾಕೆಂದರೆ ಕಿರಣ ಬಿದ್ದ ಜಾಗದಲ್ಲೇ ಹತ್ತಾರು ವರ್ಷದ ನಂತರ ಹೊಸ ಕ್ಯಾನ್ಸರ್ ಹುಟ್ಟುವ ಸಣ್ಣ ಅಪಾಯವಿದೆ. ಗೊರ್ಲಿನ್ ಸಿಂಡ್ರೋಮ್, ಕ್ಸೀರೋಡರ್ಮಾ ಪಿಗ್ಮೆಂಟೋಸಮ್ ಥರದ ಹುಟ್ಟಿನಿಂದ ಬಂದ ಕಾಯಿಲೆ ಇರುವವರಿಗೆ ರೇಡಿಯೇಶನ್ ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಮಾಡಬಹುದು. ಸ್ಕ್ಲೀರೋಡರ್ಮಾ, ಲೂಪಸ್ ಥರದ, ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ ಇದ್ದರೆ ಮೊದಲೇ ಹೇಳಿ. ಅದೇ ಜಾಗಕ್ಕೆ ಹಿಂದೆ ರೇಡಿಯೇಶನ್ ಆಗಿದ್ದರೆ ಮತ್ತೆ ಪೂರ್ತಿ ಡೋಸ್ ಕೊಡುವುದು ಕಷ್ಟ. ಮೊಣಕಾಲಿನ ಕೆಳಗೆ ರಕ್ತ ಓಡಾಟ ಕಡಿಮೆ, ಅಲ್ಲಿ ಹುಣ್ಣಾದರೆ ಆರಲು ತಿಂಗಳುಗಳೇ ಬೇಕು. ಸಕ್ಕರೆ ಕಾಯಿಲೆಯವರಿಗಂತೂ ಕೇಳಲೇಬೇಡಿ. ಹಳೇ ಸುಟ್ಟ ಕಲೆಯಲ್ಲಿ ಹುಟ್ಟಿದ ಕ್ಯಾನ್ಸರ್ ಕೂಡ ಹೀಗೇ. ಕಾಶ್ಮೀರದಲ್ಲಿ ಚಳಿಗೆ ಬಟ್ಟೆಯೊಳಗೆ ಇಟ್ಟುಕೊಳ್ಳುವ ಕಂಗ್ರಿಯ ಬೆಂಕಿಯಿಂದ ತೊಡೆ, ಹೊಟ್ಟೆಯ ಮೇಲೆ, ನಮ್ಮ ಕಡೆ ದಶಕಗಟ್ಟಲೆ ಸೀರೆ ಪಂಚೆ ಬಿಗಿದು ಸೊಂಟದಲ್ಲಿ ಬರುವ ಕ್ಯಾನ್ಸರುಗಳಿವೆಯಲ್ಲ, ಅಲ್ಲೆಲ್ಲ ಆಪರೇಷನ್‌ಗೇ ಮೊದಲ ಮಣೆ.

ಮೈತುಂಬಾ ಹತ್ತಾರು ಕಡೆ ಎದ್ದಿದ್ದರೆ ರೇಡಿಯೇಶನ್ ಸರಿಹೊಂದುವುದಿಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರಿಗೆ ಚರ್ಮದ ಕಾಯಿಲೆ, ಕ್ಯಾನ್ಸರ್ ಬಂದದ್ದು ನಿಮಗೆ ನೆನಪಿರಬಹುದು. ಅಂಥವರಲ್ಲಿ ಇವತ್ತು ಒಂದು, ನಾಳೆ ಇನ್ನೊಂದು ಏಳುತ್ತಲೇ ಇರುತ್ತದೆ, ಒಂದೊಂದಕ್ಕೂ ವಾರಗಟ್ಟಲೆ ಕಿರಣ ಕೊಡುತ್ತಾ ಕೂರಲು ಆಗುವುದಿಲ್ಲ.

ಮೆಲನೋಮಾದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಅಲ್ಲಿ ಆಪರೇಷನ್ ಮುಖ್ಯ, ಆಮೇಲೆ ಇಮ್ಯುನೋಥೆರಪಿ ಥರದ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧಿಗಳು. ರೇಡಿಯೇಶನ್ ಸಹಾಯಕ್ಕೆ ಬರುವುದು ಮಿದುಳಿಗೆ ಅಥವಾ ಮೂಳೆಗೆ ಹರಡಿದಾಗ, ಗ್ರಂಥಿಗಳಲ್ಲಿ ಜಾಸ್ತಿ ಇದ್ದಾಗ.

ಈ ನಿರ್ಧಾರ ಒಬ್ಬ ಡಾಕ್ಟರ ಬಾಯಿಂದ ಬರಬಾರದು ಅನ್ನೋದು ನನ್ನ ಅಭಿಪ್ರಾಯ. ಸರ್ಜನ್‌ಗೆ ಆಪರೇಷನ್ ಸರಿ ಅನ್ನಿಸುತ್ತದೆ, ರೇಡಿಯೇಶನ್ ಡಾಕ್ಟರಿಗೆ ರೇಡಿಯೇಶನ್, ಅದು ಸಹಜ ಅಲ್ವಾ. ದೊಡ್ಡ ಆಸ್ಪತ್ರೆಗಳಲ್ಲಿ ಟ್ಯೂಮರ್ ಬೋರ್ಡ್ ಅಂತ ಇರುತ್ತದೆ, ಎಲ್ಲ ವಿಭಾಗದವರೂ ಕೂತು ಒಂದು ಕೇಸ್ ಚರ್ಚಿಸುವ ಸಭೆ. "ನಮ್ಮ ಕೇಸನ್ನು ಬೋರ್ಡಿಗೆ ಇಟ್ಟಿದ್ದೀರಾ?" ಅಂತ ಕೇಳಲು ಸಂಕೋಚ ಬೇಡ.

ಯಾವ ಮೆಷಿನ್, ಎಷ್ಟು ದಿನ

"ಹೊಸ ಟ್ರೀಟ್ಮೆಂಟ್, ನಮ್ಮ ಮೇಲೆ ಪ್ರಯೋಗ ಮಾಡ್ತಾರೆ" ಅನ್ನುವ ಹಿರಿಯರು ಇರುತ್ತಾರೆ. ಅವರಿಗೆ ಹೇಳಿ: ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. 1899ರಲ್ಲೇ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಸ್ಟೆನ್‌ಬೆಕ್, ಶೋಗ್ರೆನ್ ಅನ್ನುವ ಇಬ್ಬರು ಡಾಕ್ಟರು ಅದೇ ಕಿರಣ ಬಿಟ್ಟು ಚರ್ಮದ ಕ್ಯಾನ್ಸರ್ ವಾಸಿ ಮಾಡಿದ್ದರು. ಕ್ಯಾನ್ಸರಿಗೆ ಕೊಡುವ ಔಷಧಿಗಳಿಗಿಂತ ಹಳೆಯದು ಇದು.

ಈಗ ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಲೀನಿಯರ್ ಆಕ್ಸಲರೇಟರ್, ಆಸ್ಪತ್ರೆ ಭಾಷೆಯಲ್ಲಿ ಲೀನ್ಯಾಕ್. ಅದರಿಂದ ಎಲೆಕ್ಟ್ರಾನ್ ಕಿರಣ ಬರುತ್ತದೆ. ಎಲೆಕ್ಟ್ರಾನ್‌ನ ಒಳ್ಳೆಯ ಗುಣ ಅಂದರೆ ಅದು ಹೆಚ್ಚು ಆಳ ಹೋಗುವುದಿಲ್ಲ. 6 ಎಂಇವಿ (ಇದು ಕಿರಣದ ಶಕ್ತಿಯ ಅಳತೆ) ಅನ್ನುವ ಕಿರಣ ಸುಮಾರು 2 ಸೆಂ.ಮೀ. ಒಳಗೆ ತನ್ನ ಕೆಲಸ ಮುಗಿಸಿ ಬತ್ತಿ ಹೋಗುತ್ತದೆ, 12 ಎಂಇವಿ ಅದರ ಎರಡರಷ್ಟು ಆಳಕ್ಕೆ. ಹಾಗಾಗಿ ಕೆನ್ನೆಯ ಗಂಟಿಗೆ ಕೊಟ್ಟರೆ ಹಿಂದಿನ ಮಿದುಳಿಗೇನೂ ಆಗುವುದಿಲ್ಲ. ಕೆಲವು ಕಡೆ ಕಡಿಮೆ ಶಕ್ತಿಯ ಎಕ್ಸ್-ರೇ ಯಂತ್ರಗಳಿವೆ, ಮೂಗು ಕಣ್ಣಿನ ಹತ್ತಿರದ ಸಣ್ಣ ಗಂಟಿಗೆ ಅವು ಬಹಳ ಚೆಂದ, ಆದರೆ ಎಲ್ಲ ಕಡೆ ಸಿಗುವುದಿಲ್ಲ. ಮೂರನೆಯದು ಬ್ರೇಕಿಥೆರಪಿ. ಮೇಣದ ಅಥವಾ ಸಿಲಿಕಾನಿನ ಅಚ್ಚನ್ನು ಗಂಟಿನ ಮೇಲೆ ಕೂರಿಸಿ, ಅದರೊಳಗಿನ ನಳಿಕೆಗಳಲ್ಲಿ ಇರಿಡಿಯಂ-192 ಅನ್ನುವ ವಿಕಿರಣ ಮೂಲವನ್ನು ಕೆಲವು ನಿಮಿಷ ಓಡಾಡಿಸಿ ವಾಪಸ್ ತೆಗೆಯುತ್ತಾರೆ. ಮೂಗಿನ ಹಾಗೆ ಏರುತಗ್ಗು ಇರುವ ಜಾಗಕ್ಕೆ, ನೆತ್ತಿಗೆ ಇದು ಒಳ್ಳೆಯದು.

ಲೀನ್ಯಾಕ್‌ನ ಕಿರಣಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಚರ್ಮದ ಮೇಲ್ಪದರದಲ್ಲಿ ಅದರ ಡೋಸ್ ಸ್ವಲ್ಪ ಕಡಿಮೆ, ಒಳಗೆ ಹೋದ ಮೇಲೆ ಪೂರ್ತಿ. ಬೇರೆ ಕ್ಯಾನ್ಸರಿಗೆ ಇದು ವರ, ಚರ್ಮದ ಕ್ಯಾನ್ಸರಿಗೆ ತೊಂದರೆ. ಅದಕ್ಕೇ ಗಂಟಿನ ಮೇಲೆ ಸೆಟ್ ದೋಸೆಯಷ್ಟು ದಪ್ಪದ ಜೆಲ್ ಹಾಳೆ ಇಡುತ್ತಾರೆ. ಬೋಲಸ್ ಅಂತ ಅದರ ಹೆಸರು. ಕಿರಣಕ್ಕೆ ಅದೇ ಚರ್ಮ ಅನ್ನಿಸಿ, ನಿಜವಾದ ಚರ್ಮಕ್ಕೆ ಪೂರ್ತಿ ಡೋಸ್ ಸಿಗುತ್ತದೆ. ನಿಮ್ಮ ಪ್ಲಾನಿನಲ್ಲಿ ಬೋಲಸ್ ಇದ್ದರೆ ಅದು ಪ್ರತಿದಿನ ಇಡಬೇಕಾದದ್ದು. ಒಂದು ದಿನ ಇಡಲಿಲ್ಲ ಅನ್ನಿಸಿದರೆ ಅಲ್ಲೇ ಕೇಳಿ.

ಇಲ್ಲೊಂದು ಕಿವಿಮಾತು. ಸೈಬರ್‌ನೈಫ್, ಪ್ರೋಟಾನ್ ಅಂತ ದೊಡ್ಡ ಹೆಸರುಗಳನ್ನು ಹೇಳಿದ ಕೂಡಲೇ ಅದೇ ಬೇಕು ಅಂತ ಹಟ ಹಿಡಿಯಬೇಡಿ. ಕೆನ್ನೆಯ ಮೇಲಿನ ಸಣ್ಣ ಬೇಸಲ್ ಸೆಲ್‌ಗೆ ಸಾದಾ ಎಲೆಕ್ಟ್ರಾನ್ ಸಾಕು, ಜಾಸ್ತಿ ದುಡ್ಡು ಕೊಟ್ಟರೆ ಜಾಸ್ತಿ ವಾಸಿ ಅಂತ ಏನೂ ಇಲ್ಲ. ನರದ ಗುಂಟ ತಲೆಬುರುಡೆಯ ಕಡೆ ಹರಿದಿದ್ದರೆ, ಕುತ್ತಿಗೆಯ ಗ್ರಂಥಿಗೂ ಕೊಡಬೇಕಿದ್ದರೆ ಆಗ ಕಿರಣವನ್ನು ಗೆಡ್ಡೆಯ ಆಕಾರಕ್ಕೆ ತಕ್ಕ ಹಾಗೆ ಹೊಂದಿಸಿ ಕೊಡುವ ಐಎಂಆರ್‌ಟಿಯಂಥ ಮೇಲಿನ ತಂತ್ರ ನಿಜಕ್ಕೂ ಬೇಕು. "ಇದು ನಮಗೆ ಯಾಕೆ ಬೇಕು, ಸಾದಾದ್ದು ಯಾಕೆ ಸಾಲದು" ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ಸ್ಪಷ್ಟವಾಗಿ ಬರಬೇಕು.

ದಿನಗಳ ಲೆಕ್ಕ ಹೀಗಿರುತ್ತದೆ. ಡೋಸನ್ನು ಗ್ರೇ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ದಿನಕ್ಕೆ 2 ಗ್ರೇ ಹಾಗೆ 6ರಿಂದ 7 ವಾರದಲ್ಲಿ 60ರಿಂದ 70 ಗ್ರೇ ಕೊಡುವುದು ಒಂದು ದಾರಿ. 20 ಸಲದಲ್ಲಿ 50–55 ಗ್ರೇ, ಅಂದರೆ 4 ವಾರ, ಇನ್ನೊಂದು. ತುಂಬಾ ವಯಸ್ಸಾದವರಿಗೆ, ದಿನಾ ಬರಲಾಗದವರಿಗೆ 5 ಅಥವಾ 10 ಸಲದಲ್ಲಿ ಮುಗಿಸುವ ಪ್ಲಾನುಗಳೂ ಇವೆ. ಒಂದೊಂದು ಸಲದ ಡೋಸ್ ದೊಡ್ಡದಾದಷ್ಟೂ ಮುಂದೆ ಚರ್ಮ ಬಿಳಿಚುವುದು, ಗಟ್ಟಿಯಾಗುವುದು ಹೆಚ್ಚು. 85ರ ಅಜ್ಜಿಗೆ ಹತ್ತು ವರ್ಷದ ನಂತರದ ಕಲೆಯ ಚಿಂತೆ ಕಡಿಮೆ, ದಿನಾ 60 ಕಿ.ಮೀ. ಬಸ್ಸಿನಲ್ಲಿ ಬರುವುದೇ ದೊಡ್ಡ ಚಿಂತೆ. ಹಾಗಾಗಿ ನಿಮ್ಮ ಊರು ಎಷ್ಟು ದೂರ, ಜೊತೆಗೆ ಯಾರು ಬರುತ್ತಾರೆ ಅನ್ನೋದನ್ನು ಮೊದಲ ದಿನವೇ ಡಾಕ್ಟರಿಗೆ ಹೇಳಿ. ಎಷ್ಟೋ ಜನ ಇದು ಕಾಯಿಲೆಗೆ ಸಂಬಂಧಪಡದ ಮಾತು ಅಂತ ಸುಮ್ನೆ ಇದ್ದುಬಿಡುತ್ತಾರೆ, ಅಲ್ಲಿ 33 ದಿನದ ಪ್ಲಾನ್ ಬರೆದಾಗಿರುತ್ತದೆ.

ದುಡ್ಡು, ಜಾಗ

ಬೆಂಗಳೂರಿನ ಕಿದ್ವಾಯಿ 1973ರಲ್ಲಿ ಶುರುವಾದ ಸರ್ಕಾರಿ ಕ್ಯಾನ್ಸರ್ ಸಂಸ್ಥೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇದೆ, ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರವಿದೆ. ಮಂಗಳೂರು, ಮಣಿಪಾಲ, ಮೈಸೂರಲ್ಲೂ ರೇಡಿಯೇಶನ್ ಸಿಗುತ್ತದೆ. ದಿನಾ ಹೋಗಿ ಬರುವ ಚಿಕಿತ್ಸೆ ಇದು, ಆದ್ದರಿಂದ ಹೆಸರಿಗಿಂತ ಹತ್ತಿರಕ್ಕೆ ಬೆಲೆ ಕೊಡಿ. ಎರಡನೇ ಅಭಿಪ್ರಾಯಕ್ಕೆ ದೂರ ಹೋಗಿ, ಚಿಕಿತ್ಸೆಗೆ ಹತ್ತಿರ ಬನ್ನಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30. ಖಾಸಗಿ ಆಸ್ಪತ್ರೆಗೆ ಹೋಗುವುದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗಬಹುದು, ಅದನ್ನು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕೇಳಿ, ಕ್ಯಾಶ್ ಕೌಂಟರಿನವರನ್ನಲ್ಲ. ಮಂಜೂರಾತಿ ಬರುವ ಮುಂಚೆ ಕೈಯಿಂದ ದುಡ್ಡು ಕಟ್ಟಿ ಆಮೇಲೆ ವಾಪಸ್ ಕೇಳಿದರೆ ಬರುವುದಿಲ್ಲ ಅಂದುಕೊಂಡೇ ನಡೆಯಿರಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಫಾರಂ ತುಂಬಿಸಿಕೊಳ್ಳಬೇಕು. ಹೆಂಗಸರಾದರೆ ಶಕ್ತಿ ಯೋಜನೆಯ ಬಸ್ಸಿದೆ.

ಮೊದಲ ಡೋಸಿಗೆ ಮುಂಚೆ

ಎಲ್ಲಕ್ಕಿಂತ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಬಯಾಪ್ಸಿ ಆಗುವ ಮುಂಚೆಯೇ ತೆಗೆದಿದ್ದರೆ ಇನ್ನೂ ಒಳ್ಳೆಯದು: ಗಂಟಿನ ಪಕ್ಕ ಒಂದು ಸ್ಕೇಲ್ ಹಿಡಿದು, ಹತ್ತಿರದಿಂದ ಒಂದು, ಮುಖ ಪೂರ್ತಿ ಕಾಣುವ ಹಾಗೆ ಇನ್ನೊಂದು. ಸಣ್ಣ ಗಂಟಾದರೆ ಬಯಾಪ್ಸಿ ಗಾಯ ಆರಿದ ಮೇಲೆ ಎಲ್ಲಿತ್ತು ಅಂತಲೇ ಗೊತ್ತಾಗುವುದಿಲ್ಲ, ಆದರೆ ಕೆಳಗೆ ಕಣಗಳು ಇರುತ್ತವೆ. ಡಾಕ್ಟರು ಕಾಣುವ ಗಂಟಿನ ಸುತ್ತ ಒಂದು ಸೆಂ.ಮೀ. ಆಚೀಚೆ ಜಾಗ ಬಿಟ್ಟು ಗುರುತು ಹಾಕುತ್ತಾರೆ, ಗಂಟೇ ಕಾಣದಿದ್ದರೆ ಗುರುತು ಎಲ್ಲಿ ಹಾಕುವುದು? ಮೊಬೈಲಿನ ಆ ಒಂದು ಫೋಟೋ ಸ್ಕ್ಯಾನಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪೇಸ್‌ಮೇಕರ್ ಇದ್ದರೆ ಹೇಳಿ. ಗರ್ಭಿಣಿ ಇರಬಹುದು ಅನ್ನುವ ಅನುಮಾನ ಇದ್ದರೆ ಹೇಳಿ. ಕೀಲುನೋವಿಗೆ ಮೆಥೋಟ್ರೆಕ್ಸೇಟ್ ನುಂಗುತ್ತಿದ್ದರೆ ಹೇಳಿ. ತುಟಿ, ಕೆನ್ನೆ, ಕುತ್ತಿಗೆಗೆ ಕಿರಣ ಬೀಳುವುದಿದ್ದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಕೆಟ್ಟ ಹಲ್ಲು ಈಗಲೇ ಕೀಳಿಸಿ, ದವಡೆಗೆ ರೇಡಿಯೇಶನ್ ಆದ ಮೇಲೆ ಹಲ್ಲು ಕಿತ್ತರೆ ಗಾಯ ಆರುವುದು ಕಷ್ಟ. ಬೀಡಿ ಸಿಗರೇಟು ಬಿಡಿ, ಗಾಯ ಆರುವುದಕ್ಕೆ ಅದೇ ಮೊದಲ ಶತ್ರು. ಮೂಗುಬೊಟ್ಟು, ಓಲೆ, ಮೂಗುತಿ ಕಿರಣದ ಜಾಗದಲ್ಲಿದ್ದರೆ ತೆಗೆಯಲೇಬೇಕು, ಲೋಹಕ್ಕೆ ತಾಗಿ ಕಿರಣ ಚದುರಿ ಅಲ್ಲೇ ಹೆಚ್ಚು ಸುಡುತ್ತದೆ. ಹತ್ತಾರು ವರ್ಷ ತೆಗೆಯದ ಮೂಗುಬೊಟ್ಟನ್ನು ಆಸ್ಪತ್ರೆಯಲ್ಲಿ ಕಟ್ಟರ್ ಹಿಡಿದು ತೆಗೆಯುವುದಕ್ಕಿಂತ ಮನೆಯ ಹತ್ತಿರದ ಅಕ್ಕಸಾಲಿಗರ ಹತ್ತಿರ ತೆಗೆಸಿಕೊಂಡು ಬರುವುದು ವಾಸಿ. ಕೆಲವರಿಗೆ ಅದೊಂದೇ ವಿಷಯಕ್ಕೆ ಕಣ್ಣೀರು ಬರುತ್ತದೆ, ಮುಂಚೆಯೇ ಮಾತಾಡಿ ಒಪ್ಪಿಸಿ.

ಸಿಮ್ಯುಲೇಶನ್, ಅಂದರೆ ಚಿಕಿತ್ಸೆಗೆ ಮುಂಚೆ ಅಳತೆ, ಗುರುತು ಎಲ್ಲ ಮಾಡಿಕೊಳ್ಳುವ ದಿನ ಮುಖಕ್ಕೆ ಮಾಸ್ಕ್ ಮಾಡುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಬಲೆ ಅದು, ಮುಖದ ಮೇಲೆ ಎಳೆದು ಹಿಡಿದರೆ ಕೆಲವು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಉಸಿರಾಡಲು ತೊಂದರೆ ಇಲ್ಲ, ಬಲೆ ತುಂಬಾ ತೂತುಗಳಿರುತ್ತವೆ. ಮುಚ್ಚಿದ ಜಾಗ ಅಂದರೆ ಭಯಪಡುವವರು ಮೊದಲೇ ಹೇಳಿದರೆ ಕಣ್ಣಿನ ಹತ್ತಿರ ಕತ್ತರಿಸಿ ಕೊಡುತ್ತಾರೆ. ಗಂಟಿನ ಸುತ್ತ ತೆಳು ತಂತಿ ಅಂಟಿಸಿ ಸಿಟಿ ಸ್ಕ್ಯಾನ್ ತೆಗೆಯುವುದೂ ಉಂಟು. ರೆಪ್ಪೆಯ ಹತ್ತಿರ ಆದರೆ ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ರೆಪ್ಪೆಯೊಳಗೆ ಲೋಹದ ಚಿಕ್ಕ ಕವಚ ಇಡುತ್ತಾರೆ. ಹನಿಯ ಪ್ರಭಾವ ಹೋಗುವವರೆಗೆ ಕಣ್ಣುಜ್ಜಬೇಡಿ, ಗಾಡಿ ಓಡಿಸಬೇಡಿ. ಮೂಗಿಗಾದರೆ ಹೊಳ್ಳೆಯೊಳಗೆ, ತುಟಿಗಾದರೆ ಹಲ್ಲಿನ ಮುಂದೆ ಮೇಣ ಸವರಿದ ಸೀಸದ ತುಂಡು ಇಡಬಹುದು. ಆಮೇಲೆ ಬಣ್ಣದ ಇಂಕಿನಲ್ಲಿ ಗುರುತು. ಅದನ್ನು ಉಜ್ಜಿ ತೊಳೆಯಬಾರದು, ಮಾಸಿದರೆ ನೀವೇ ಪೆನ್ನು ತಗೊಂಡು ತಿದ್ದಬಾರದು.

ದಿನನಿತ್ಯ

ವಾರಕ್ಕೆ 5 ದಿನ, ಶನಿವಾರ ಭಾನುವಾರ ರಜೆ. ಕಿರಣ ಬೀಳುವುದು ಒಂದೆರಡು ನಿಮಿಷ, ಸರಿಯಾಗಿ ಮಲಗಿಸಲು ಹತ್ತು ನಿಮಿಷ, ಹೊರಗೆ ಕಾಯುವುದಕ್ಕೆ ಲೆಕ್ಕವಿಲ್ಲ. ನೋವಿಲ್ಲ, ಶಾಖ ಗೊತ್ತಾಗುವುದಿಲ್ಲ, ಕರೆಂಟ್ ಅಂತ ಹೆಸರಿದ್ದರೂ ಶಾಕ್ ಹೊಡೆಯುವುದಿಲ್ಲ. ಒಳಗೆ ಒಬ್ಬರೇ ಇರಬೇಕು, ಹೊರಗಿನವರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಕೆಮ್ಮು ಬಂದರೆ ಕೈ ಎತ್ತಿದರೆ ಸಾಕು.

ಮನೆಗೆ ಬಂದ ಮೇಲೆ ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಜೊತೆಗೆ ಊಟ ಮಾಡಬಹುದು. ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಇರಿಡಿಯಂ ಅಚ್ಚಿನ ಚಿಕಿತ್ಸೆಯಲ್ಲೂ ಮೂಲ ಮೆಷಿನ್ನಿಗೇ ವಾಪಸ್ ಹೋಗುತ್ತದೆ. ತಟ್ಟೆ ಲೋಟ ಬೇರೆ ಇಡುವ ಮನೆಗಳನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ದಿನ ತಪ್ಪಿಸಬೇಡಿ. ಈ ಒಂದು ಮಾತಿಗೇ ಇಷ್ಟೆಲ್ಲ ಬರೆಯಲು ಕೂತೆ ಅಂದರೂ ಸರಿ. ಡೋಸನ್ನು ತುಂಡು ತುಂಡಾಗಿ ಕೊಡುವುದು ಒಳ್ಳೆಯ ಕಣಗಳಿಗೆ ಸುಧಾರಿಸಿಕೊಳ್ಳಲು ಸಮಯ ಸಿಗಲಿ ಅಂತ. ಮಧ್ಯೆ ಒಂದು ವಾರ ಬಿಟ್ಟರೆ ಉಳಿದ ಕ್ಯಾನ್ಸರ್ ಕಣಗಳಿಗೂ ಅದೇ ಸಮಯ ಸಿಗುತ್ತದೆ, ಅವು ಮತ್ತೆ ಬೆಳೆಯುತ್ತವೆ, ಸ್ಕ್ವಾಮಸ್ ಸೆಲ್‌ನಲ್ಲಿ ಇದು ಜಾಸ್ತಿ. ಜನ ಬಿಡುವುದು ಎರಡು ಹೊತ್ತಿನಲ್ಲಿ. ಗಂಟು ಕರಗಿ ಕಾಣದಂತಾದಾಗ ವಾಸಿಯಾಯಿತು ಅಂತ, ಚರ್ಮ ಸುಲಿದು ಉರಿ ಶುರುವಾದಾಗ ತಡೆಯಲಾಗದೆ. ಎರಡೂ ಸುಮಾರು ಮೂರನೇ ನಾಲ್ಕನೇ ವಾರಕ್ಕೇ ಬರುತ್ತವೆ. ಶುರು ಮಾಡುವ ಮುಂಚೆ ಕ್ಯಾಲೆಂಡರ್ ಹಿಡಿದು ಕೂತು ಮದುವೆ, ಜಾತ್ರೆ, ಕೊಯ್ಲು ಯಾವುದು ಮಧ್ಯೆ ಬರುತ್ತದೆ ನೋಡಿ. ಅನಿವಾರ್ಯವಾಗಿ ತಪ್ಪಿದರೆ, ಅಥವಾ ಮೆಷಿನ್ ಕೆಟ್ಟು ನಿಂತರೆ, ತಪ್ಪಿದ್ದನ್ನು ಹೇಗೆ ತುಂಬಿಸುತ್ತೀರಿ ಅಂತ ಡಾಕ್ಟರನ್ನು ಕೇಳಿ. ಶನಿವಾರ ಕರೆಯುವುದು, ಡೋಸ್ ಹೊಂದಿಸುವುದು, ದಾರಿಗಳಿವೆ. ನಾವು ಹೋಗುತ್ತಿದ್ದ ಕಡೆ ಮೆಷಿನ್ ನಿಂತಾಗ "ಫೋನ್ ಮಾಡ್ತೀವಿ" ಅಂದವರು ಮಾಡಲೇ ಇಲ್ಲ, ನಾವೇ ಬೆನ್ನು ಹತ್ತಬೇಕಾಯಿತು. ನೀವೂ ಹತ್ತಿ.

ಚರ್ಮ ನೋಡಿಕೊಳ್ಳುವುದು

ಮೊದಲ ಒಂದೆರಡು ವಾರ ಏನೂ ಆಗುವುದಿಲ್ಲ. ಆಮೇಲೆ ಕೆಂಪಾಗುತ್ತದೆ ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ, ನಮ್ಮ ಮೈಬಣ್ಣಕ್ಕೆ ಕೆಂಪು ಕಾಣುವುದಿಲ್ಲ, ಕಪ್ಪಾಗುತ್ತದೆ. ಹಾಗಾಗಿ ಬಣ್ಣ ನೋಡುವ ಬದಲು ಮುಟ್ಟಿ ನೋಡಿ: ಬಿಸಿ ಇದೆಯಾ, ಬಿಗಿದಿದೆಯಾ, ತುರಿಕೆ ಇದೆಯಾ. ನಂತರ ಹೊಟ್ಟಿನ ಹಾಗೆ ಸಿಪ್ಪೆ ಏಳುತ್ತದೆ. ಡೋಸ್ ಪೂರ್ತಿಯಾಗುವ ಹೊತ್ತಿಗೆ ಹಸಿಯಾಗಿ ರಸಿ ಸೋರಬಹುದು, ಹಕ್ಕಳೆ ಕಟ್ಟಬಹುದು. ಚರ್ಮದ ಕ್ಯಾನ್ಸರಿಗೆ ಕೊಡುವ ರೇಡಿಯೇಶನ್‌ನಲ್ಲಿ ಇದು ಆಗಲೇಬೇಕಾದದ್ದು, ಯಾಕೆಂದರೆ ಡೋಸ್ ಬೀಳುತ್ತಿರುವುದೇ ಚರ್ಮಕ್ಕೆ. ಮುಗಿದ ಮೇಲೂ ಒಂದೆರಡು ವಾರ ಇನ್ನೂ ಜೋರಾಗಿ, ಆಮೇಲೆ ಇಳಿಯುತ್ತದೆ. "ಮುಗಿದ ಮೇಲೆ ಯಾಕೆ ಹೆಚ್ಚಾಯ್ತು" ಅಂತ ಗಾಬರಿಯಾಗುವವರು ಬಹಳ. ಅದು ಮಾಮೂಲು.

ಉಗುರುಬೆಚ್ಚಗಿನ ನೀರು, ಮೆದು ಸೋಪು, ಉಜ್ಜದೆ ಒತ್ತಿ ಒರೆಸುವುದು. ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ತೆಳುವಾಗಿ ಹಚ್ಚಬಹುದು, ಯಾವ ಹೊತ್ತಿಗೆ ಅಂತ ನಿಮ್ಮ ಆಸ್ಪತ್ರೆಯವರನ್ನೇ ಕೇಳಿ. ಡೋಸಿಗೆ ಹೋಗುವ ಮುಂಚೆ ದಪ್ಪ ಮುಲಾಮು ಮೆತ್ತಿಕೊಂಡು ಹೋಗಬೇಡಿ. ಅರಿಶಿನ, ಬೇವಿನ ಪೇಸ್ಟ್, ಸುಣ್ಣ, ಎಕ್ಕದ ಹಾಲು ಯಾವುದೂ ಬೇಡ. ಅರಿಶಿನ ಒಳ್ಳೆಯದೇ, ಸಾರಿಗೆ ಹಾಕಿ. ಕಿರಣ ಬೀಳುವ ಜಾಗದಲ್ಲಿ ವಿಭೂತಿ, ಕುಂಕುಮ, ಸ್ಟಿಕ್ಕರ್ ಬೊಟ್ಟು, ಪೌಡರ್, ಸೆಂಟು, ಹೇರ್ ಡೈ ಬಿಡಿ. ಹಣೆಗೇ ಚಿಕಿತ್ಸೆ ಆಗುತ್ತಿದ್ದರೆ ಕುಂಕುಮವನ್ನು ಕುತ್ತಿಗೆಗೆ ಇಟ್ಟುಕೊಂಡರೆ ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಅಂಟುವ ಪ್ಲಾಸ್ಟರ್ ಹಾಕಿದರೆ ಕೀಳುವಾಗ ಚರ್ಮವೂ ಬರುತ್ತದೆ. ಬ್ಲೇಡ್ ಬೇಡ, ಗಡ್ಡಕ್ಕೆ ಎಲೆಕ್ಟ್ರಿಕ್ ಟ್ರಿಮ್ಮರ್. ಐಸ್ ಇಡುವುದು, ಬಿಸಿ ಶಾಖ ಕೊಡುವುದು ಎರಡೂ ಬೇಡ. ಹಕ್ಕಳೆ ಕೀಳಬೇಡಿ. ಬಿಸಿಲಿಗೆ ಅಗಲ ಅಂಚಿನ ಟೋಪಿ ಅಥವಾ ಹತ್ತಿಯ ವಲ್ಲಿ, ಹೆಲ್ಮೆಟ್ ಉಜ್ಜುವ ಜಾಗವಾದರೆ ಬೈಕಿನ ಬದಲು ಆಟೋ.

ಊಟದಲ್ಲಿ ಪಥ್ಯ ಶುರು ಮಾಡಬೇಡಿ. ಬದನೆ ನಂಜು, ಮೊಟ್ಟೆ ನಂಜು, ಮೀನು ನಂಜು ಅಂತ ಒಂದೊಂದೇ ತೆಗೆದು ಕೊನೆಗೆ ಗಂಜಿ ಉಪ್ಪಿನಕಾಯಿಗೆ ತಂದು ನಿಲ್ಲಿಸುತ್ತಾರೆ. ಗಾಯ ಆರಲು ಪ್ರೋಟೀನ್ ಬೇಕು. ಮೊಟ್ಟೆ, ಮೀನು, ಬೇಳೆ, ಕಾಳು, ಮೊಸರು, ಯಾವುದು ರೂಢಿಯೋ ಅದನ್ನು ಹೊಟ್ಟೆ ತುಂಬ ತಿನ್ನಲಿ. ಸಕ್ಕರೆ ಕಾಯಿಲೆ ಇದ್ದರೆ ಶುಗರ್ ಹತೋಟಿಯಲ್ಲಿ ಇಡಿ.

ಜ್ವರ ಬಂದರೆ, ಹಳದಿ ಹಸಿರು ಕೀವು, ಕೆಟ್ಟ ವಾಸನೆ, ನಿಲ್ಲದ ರಕ್ತ, ಕಣ್ಣು ಕೆಂಪಾಗಿ ಬೆಳಕು ನೋಡಲಾಗದಂತೆ ನೋವು, ತುಟಿ ಬಾಯಿ ಹುಣ್ಣಾಗಿ ಊಟ ಇಳಿಯದಿರುವುದು, ಇವಕ್ಕೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಅವತ್ತೇ ಹೋಗಿ. ನೋವಿನ ಮಾತ್ರೆ ಕೇಳಿ ತಗೊಳ್ಳಿ, ಸಹಿಸಿಕೊಂಡದ್ದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ.

ಮುಗಿದ ಮೇಲೆ

ಗಾಯ ಆರಲು ಸಾಮಾನ್ಯವಾಗಿ 4ರಿಂದ 8 ವಾರ. ಗಂಟು ದೊಡ್ಡದಿದ್ದರೆ ಪೂರ್ತಿ ಕರಗಲು ಇನ್ನೂ ತಡವಾಗಬಹುದು, ಮುಗಿದ ವಾರವೇ "ಇನ್ನೂ ಇದೆಯಲ್ಲ" ಅಂತ ಮತ್ತೊಂದು ಬಯಾಪ್ಸಿಗೆ ಒತ್ತಾಯ ಮಾಡಬೇಡಿ. ಆ ಜಾಗದ ಕೂದಲು, ರೆಪ್ಪೆ ಕೂದಲು ಮತ್ತೆ ಬರದೇ ಇರಬಹುದು. ಬೆವರು ಅಲ್ಲಿ ಬರುವುದಿಲ್ಲ. ಮೂಗಿನೊಳಗೆ ಒಣಗಿ ಚಕ್ಕೆ ಕಟ್ಟುವುದು, ಕಣ್ಣಲ್ಲಿ ನೀರು ಸುರಿಯುವುದು ಕೆಲವರಿಗೆ ಉಳಿದುಬಿಡುತ್ತದೆ. ಕಿವಿ ಮೂಗಿನ ಮೃದ್ವಸ್ಥಿ ಹುಣ್ಣಾಗುವುದು ಅಪರೂಪ, ಆದರೆ ಆಗುತ್ತದೆ. ವರ್ಷದ ನಂತರ ಆರಿದ ಜಾಗದಲ್ಲಿ ಹೊಸದಾಗಿ ಹುಣ್ಣು ಬಂದರೆ ತೋರಿಸಿ, ಅದು ಮರುಕಳಿಸಿದ್ದೂ ಇರಬಹುದು, ರೇಡಿಯೇಶನ್‌ನ ಪರಿಣಾಮವೂ ಇರಬಹುದು, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ ಚೆಕಪ್, ಆಮೇಲೆ ಅಂತರ ಹೆಚ್ಚಾಗುತ್ತದೆ. ಚೆಕಪ್ಪಿನಲ್ಲಿ ಕುತ್ತಿಗೆಯ ಗ್ರಂಥಿ ಮುಟ್ಟಿ ನೋಡಬೇಕು, ನೋಡದಿದ್ದರೆ ನೋಡಿ ಅನ್ನಿ. ಒಮ್ಮೆ ಚರ್ಮದ ಕ್ಯಾನ್ಸರ್ ಬಂದವರಿಗೆ ಬೇರೆ ಕಡೆ ಇನ್ನೊಂದು ಏಳುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ, ಹಾಗಾಗಿ ತಿಂಗಳಿಗೊಮ್ಮೆ ಮನೆಯವರು ಬೆನ್ನು, ನೆತ್ತಿ, ಕಿವಿಯ ಹಿಂದೆ, ಅಂಗಾಲು ಎಲ್ಲ ಒಂದು ಸಲ ನೋಡಿಬಿಡಿ.

ಕೊನೆಯ ದಿನ ಬರುವಾಗ ಟ್ರೀಟ್ಮೆಂಟ್ ಸಮ್ಮರಿ ಬರೆಸಿಕೊಂಡೇ ಬನ್ನಿ. ಯಾವ ಜಾಗ, ಯಾವ ಕಿರಣ, ಎಷ್ಟು ಗ್ರೇ, ಎಷ್ಟು ಸಲ, ಯಾವ ದಿನಾಂಕದಿಂದ ಯಾವ ದಿನಾಂಕ, ಇಷ್ಟು ಅದರಲ್ಲಿ ಇರಬೇಕು. ಹತ್ತು ವರ್ಷದ ನಂತರ ಪಕ್ಕದಲ್ಲೇ ಇನ್ನೊಂದು ಗಂಟು ಬಂದರೆ ಆಗಿನ ಡಾಕ್ಟರು ಮೊದಲು ಕೇಳುವುದು ಈ ಕಾಗದವನ್ನೇ. ಅಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿ ಹಳೇ ಫೈಲ್ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಡಿ, ಮೂಲ ಕಾಗದವನ್ನು ಬಯಾಪ್ಸಿ ರಿಪೋರ್ಟಿನ ಜೊತೆಗೇ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ.